ಹುಲ್ಲುಗಾವಲಲ್ಲಿ ಹಳೇ ತಳಿ ಹಂದಿ ಸಾಕೋದು ಹೇಗೆ: ಬೇಲಿ, ತಾಕು ಬದಲಾವಣೆ, ಕೈತಿಂಡಿ, ಮರಿ ಎಲ್ಲಾ

ಹಂದಿ ಸಾಕಬೇಕು ಅಂತ ಮನಸು ಮಾಡಿರೋರು ಸಾಮಾನ್ಯವಾಗಿ ತಳಿಯಿಂದ ಶುರು ಮಾಡ್ತಾರೆ, ಫೋಟೋ ನೋಡ್ತಾ ಕೂತು ಈ ಕೆಂಪು ಹಂದಿ ಚೆನ್ನಾಗಿದೆ ಆ ಚುಕ್ಕೆ ಹಂದಿ ಚೆನ್ನಾಗಿದೆ ಅಂತ. ನಾನು ಹೇಳೋದು ನೆಲದಿಂದ ಶುರು ಮಾಡಿ. ನಿಮ್ಮ ಹತ್ರ ಎಷ್ಟು ಜಾಗ ಇದೆ, ಅದನ್ನ ಎಷ್ಟು ತಾಕು ಮಾಡಬಹುದು, ಒಂದೊಂದು ತಾಕನ್ನ ಎಷ್ಟು ದಿನ ಹಂದಿ ಕಾಲಿಡದ ಹಾಗೆ ಖಾಲಿ ಬಿಡೋಕಾಗತ್ತೆ, ಮಳೆ ಹಿಡಿದು ನೆಲ ಪಿಚಪಿಚ ಅಂದಾಗ ಹಿಂಡನ್ನ ಎಲ್ಲಿ ಇಡ್ತೀರ, ಇಷ್ಟಕ್ಕೆ ಉತ್ತರ ಸಿಕ್ಕಿದ ಮೇಲೆ ತಳಿ ಆರಿಸೋದು ದೊಡ್ಡ ತಲೆನೋವಲ್ಲ. ಈ ಕೆಲಸದ ಮುಕ್ಕಾಲು ಭಾಗ ಹಿಂಡನ್ನ ಸರಿಯಾದ ಹೊತ್ತಿಗೆ ಮುಂದಿನ ತಾಕಿಗೆ ದಾಟಿಸೋದೇ. ಆ ಹೊತ್ತು ತಪ್ಪಿದ್ರೆ ಹುಲ್ಲು ಹೋಯ್ತು, ಹುಲ್ಲು ಹೋದ್ರೆ ಕೈತಿಂಡಿ, ಅಂದ್ರೆ ನಾವು ಕೈಯಾರೆ ಹಾಕೋ ಕಾಳು ಫೀಡಿನ ಖರ್ಚು ಏರ್ತು, ಜಂತುಹುಳು ಏರ್ತು, ಮಳೆಗೆ ಮಣ್ಣು ಕೊಚ್ಕೊಂಡು ಹೋಯ್ತು, ಎಲ್ಲಾ ಒಂದರ ಹಿಂದೆ ಒಂದು.

ಹಂದಿ ಮೂತಿ ತುದಿಯಲ್ಲಿ ಒಂದು ಪುಟ್ಟ ಮೂಳೆ ಇರತ್ತೆ, ಅದರ ಮೇಲೆ ಗಟ್ಟಿ ಮೃದ್ವಸ್ಥಿಯ ಬಿಲ್ಲೆ. ನೆಲ ಅಗೆಯೋಕೇ ಆಗಿರೋ ಅಂಗ ಅದು. ಬೇರು, ಗೆಡ್ಡೆ, ಎರೆಹುಳು, ಗೊಣ್ಣೆಹುಳು ಎಲ್ಲಿದೆ ಅಂತ ವಾಸನೆ ಹಿಡಿದು ಅಗೀತಾ ಹೋಗತ್ತೆ, ಅದನ್ನ ನಿಲ್ಲಿಸ್ತೀನಿ ಅಂತ ಹೊರಡಬೇಡಿ. ಮೂತಿಗೆ ರಿಂಗ್ ಹಾಕೋ ಪದ್ಧತಿ ಇದೆ, ಎಷ್ಟೋ ಆರ್ಗ್ಯಾನಿಕ್ ಸರ್ಟಿಫಿಕೇಶನ್‌ನವರು ಒಪ್ಪಲ್ಲ, ನನಗೂ ಒಪ್ಪಿಗೆ ಇಲ್ಲ, ಹಂದಿಯನ್ನ ಹೊರಗೆ ಬಿಟ್ಟು ಅದು ಹೊರಗೆ ಏನು ಮಾಡೋಕೆ ಹುಟ್ಟಿದ್ಯೋ ಅದನ್ನೇ ನೋವು ಕೊಟ್ಟು ತಡೆಯೋದು ಅಂದ್ರೆ ಯಾವ ಲೆಕ್ಕ.

ತಳಿ ವಿಷಯ

ಹಳೇ ತಳಿ ಅಂದ್ರೆ ದೊಡ್ಡ ದೊಡ್ಡ ಶೆಡ್‌ಗಳು ಬರೋಕೆ ಮುಂಚೆ ರೈತರ ಹಿತ್ತಲಲ್ಲಿ, ತೋಟದಲ್ಲಿ ಬೆಳೆದಂಥವು. ಇವು ನಿಧಾನ ಬೆಳೆಯತ್ವೆ, ಮೈಯಲ್ಲಿ ಕೊಬ್ಬು ಜಾಸ್ತಿ ಕಟ್ಟತ್ವೆ, ಆದ್ರೆ ಬಿಸಿಲು ಚಳಿ ತಡೆಯತ್ವೆ, ಮೇಯೋಕೆ ಬರತ್ತೆ, ಹೆಣ್ಣುಗಳು ಮರಿ ಸಾಕೋದರಲ್ಲಿ ಗಟ್ಟಿ. ಶೆಡ್ ತಳಿ ಸುಮಾರು 6 ತಿಂಗಳಿಗೆ 110 ಕೆಜಿ ಮುಟ್ಟಿದ್ರೆ ಇವಕ್ಕೆ 8ರಿಂದ 10 ತಿಂಗಳು ಬೇಕು, ಹಂಗೇರಿಯ ಗುಂಗುರು ಕೂದಲಿನ ಮಂಗಲಿತ್ಸಾ ಥರದವಕ್ಕೆ ವರ್ಷ ದಾಟತ್ತೆ. ಈ ಲೆಕ್ಕ ಗೊತ್ತಿಲ್ದೆ ಶುರು ಮಾಡಿದವರು ಏಳನೇ ತಿಂಗಳಿಗೇ ಯಾಕೆ ಬೆಳೀತಿಲ್ಲ ಅಂತ ಜೋಳ ಸುರಿಯೋಕೆ ಶುರು ಮಾಡ್ತಾರೆ, ಮಾಂಸ ಬೆಳೆಯಲ್ಲ, ಕೊಬ್ಬು ಬೆಳೆಯತ್ತೆ.

ಟ್ಯಾಮ್‌ವರ್ತ್ ಕೆಂಪು, ಉದ್ದ ಮೂತಿ, ಓಡಾಟ ಜಾಸ್ತಿ, ಅಗೆಯೋದರಲ್ಲಿ ಎತ್ತಿದ ಕೈ. ಪೊದೆ ಬೆಳೆದ ಜಾಗ, ಕಾಡಂಚಿನ ಜಾಗ ಹಸನು ಮಾಡಿಸ್ಕೊಳ್ಳೋಕೆ ಇದು ಸರಿ, ಒಳ್ಳೇ ಹುಲ್ಲು ಉಳಿಸ್ಕೋಬೇಕು ಅನ್ನೋರಿಗೆ ಅಲ್ಲ. ಲಾರ್ಜ್ ಬ್ಲ್ಯಾಕ್ ಕಪ್ಪು, ಕಣ್ಣಿನ ಮೇಲೆ ಬೀಳೋ ದೊಡ್ಡ ಜೋಲು ಕಿವಿ, ಸಾಧು ಸ್ವಭಾವ, ಬಿಸಿಲಿಗೆ ಚರ್ಮ ಸುಡಲ್ಲ, ಚೆನ್ನಾಗಿ ಮೇಯತ್ತೆ. ಬರ್ಕ್‌ಷೈರ್ ಕಪ್ಪು, ನಾಲ್ಕು ಕಾಲು, ಮೂತಿ, ಬಾಲದ ತುದಿ ಬಿಳಿ, ಮಾಂಸಕ್ಕೆ ಹೆಸರುವಾಸಿ. ಗ್ಲಾಸ್ಟರ್‌ಷೈರ್ ಓಲ್ಡ್ ಸ್ಪಾಟ್ಸ್ ಹಣ್ಣಿನ ತೋಟದಲ್ಲಿ ಉದುರಿದ ಹಣ್ಣು ತಿಂದು ಬೆಳೆದ ತಳಿ, ಆದ್ರೆ ಮೈ ಬಿಳಿ ಆಗಿರೋದ್ರಿಂದ ನೆರಳಿಲ್ದಿದ್ರೆ ಬಿಸಿಲಿಗೆ ಸುಡತ್ತೆ. ನ್ಯೂಜಿಲೆಂಡಿನ ಕುನೆಕುನೆ ಚಿಕ್ಕದು, ಮೊಂಡು ಮೂತಿ, ಅಗೆಯೋದಕ್ಕಿಂತ ಮೇಯೋದೇ ಹೆಚ್ಚು. ಜಾಗ ಕಮ್ಮಿ ಇರೋರಿಗೆ, ಮೊದಲ ಸಲ ಸಾಕೋರಿಗೆ ನಾನು ಇದನ್ನೇ ಇಲ್ಲಾಂದ್ರೆ ಲಾರ್ಜ್ ಬ್ಲ್ಯಾಕನ್ನ ಹೇಳ್ತೀನಿ. ಆದ್ರೆ ಇವೆಲ್ಲ ದೂರದ ಹೆಸರು ಅನ್ನಿಸಿದ್ರೆ ನಿಮ್ಮ ಸೀಮೆಯ ಹವೆಗೆ ತಲೆತಲಾಂತರದಿಂದ ಒಗ್ಗಿರೋ ತಳಿ ಯಾವುದಿದ್ಯೋ ಅದೇ ಎಲ್ಲಕ್ಕಿಂತ ಒಳ್ಳೇದು, ಅದನ್ನ ಹುಡುಕಿ.

ತಳಿ ಕಳ್ಕೊಳ್ಳೋದು ಎಷ್ಟು ಬೇಗ ಆಗತ್ತೆ ಅಂದ್ರೆ, ಬ್ರಿಟನ್ನಿನಲ್ಲಿ ಕುರಿ ಥರ ಗುಂಗುರು ಕೂದಲಿದ್ದ ಲಿಂಕನ್‌ಷೈರ್ ಕರ್ಲಿ ಕೋಟ್ ಅನ್ನೋ ಹಂದಿ 1972ರ ಹೊತ್ತಿಗೆ ಪೂರ್ತಿ ನಿರ್ನಾಮ ಆಯ್ತು, ಮರುವರ್ಷ 1973ರಲ್ಲಿ ಅಲ್ಲಿ ಅಪರೂಪದ ತಳಿ ಉಳಿಸೋಕೆ ರೇರ್ ಬ್ರೀಡ್ಸ್ ಸರ್ವೈವಲ್ ಟ್ರಸ್ಟ್ ಶುರುವಾಯ್ತು. ಉಳಿದಿರೋವು ಉಳಿದಿದ್ದು ಸಣ್ಣ ಸಣ್ಣ ಜಮೀನಿನವರು ಬಿಡದೆ ಸಾಕಿದ್ದಕ್ಕೆ.

ತರುವಾಗ ಒಂದೇ ಹಂದಿ ತರಬೇಡಿ, ಕನಿಷ್ಠ ಎರಡು. ಗುಂಪಿನ ಪ್ರಾಣಿ, ಒಂಟಿಯಾದ್ರೆ ಬೇಲಿ ಮುರಿಯೋದು, ಕಿರುಚೋದು, ಮೇವು ಬಿಡೋದು ಎಲ್ಲಾ ಶುರುವಾಗತ್ತೆ. 8 ವಾರ ದಾಟಿದ, ತಾಯಿ ಬಿಟ್ಟು ತಾನಾಗೇ ತಿನ್ನೋ ಮರಿ ತನ್ನಿ, ಸಾಧ್ಯ ಆದ್ರೆ ಹೊರಗೇ ಹುಟ್ಟಿ ಬೆಳೆದದ್ದು. ತಾಯಿ ಹಂದಿಯನ್ನ ಕಣ್ಣಾರೆ ನೋಡಿ, ಕಾಲು ನೆಟ್ಟಗಿದ್ಯಾ, ಎರಡೂ ಕಡೆ ಮೊಲೆತೊಟ್ಟು ಸಮ ಇದ್ಯಾ, ಮನುಷ್ಯರು ಹತ್ರ ಹೋದ್ರೆ ಹೆಂಗೆ ಆಡತ್ತೆ ಅಂತ.

ಬೇಲಿ, ಮತ್ತು ಬೇಲಿಗೆ ಪಾಠ

ಹಂದಿಗೆ ಬೇಲಿ ಅಂದ್ರೆ ಗೋಡೆ ಥರ ಗಟ್ಟಿ ಇರಬೇಕು ಅಂತ ಎಲ್ಲರೂ ಅನ್ಕೊಳ್ತಾರೆ. ಹೊರಗಡೆ ಗಡಿಗೆ ಗಟ್ಟಿ ಮೆಶ್ ಬೇಲಿ ಬೇಕು ನಿಜ, ಅದು ನಿಮ್ಮ ಹಂದಿ ಹೊರಗೆ ಹೋಗದೇ ಇರೋಕೆ ಎಷ್ಟೋ ಅಷ್ಟೇ ಕಾಡುಹಂದಿ, ನಾಯಿ ಒಳಗೆ ಬರದೇ ಇರೋಕೂ. ಒಳಗಿನ ತಾಕುಗಳಿಗೆ ಮಾತ್ರ ಎರಡು ಎಳೆ ಕರೆಂಟ್ ತಂತಿ ಸಾಕು, ಒಂದು ನೆಲದಿಂದ 15-20 ಸೆಂಟಿಮೀಟರ್, ಇನ್ನೊಂದು 40-45. ಚಿಕ್ಕ ಮರಿ ಇದ್ರೆ ಇನ್ನೂ ಕೆಳಗೆ ಒಂದು ಎಳೆ. ತಂತಿಯಲ್ಲಿ 4000 ವೋಲ್ಟಿಗಿಂತ ಕಮ್ಮಿ ಇರಬಾರದು, ಹಾಗಂತ ಮನೆ ಲೈನಿಂದ ನೇರ ಕರೆಂಟ್ ಕೊಡೋದು ಕನಸಲ್ಲೂ ಬೇಡ, ಜೀವ ಹೋಗತ್ತೆ, ಪಶುಗಳಿಗೆ ಅಂತಲೇ ಬರೋ ಎನರ್ಜೈಸರ್ ಬೇಕು, ಅದು ಮಿಡಿತ ಮಿಡಿತವಾಗಿ ಕ್ಷಣಮಾತ್ರ ಕೊಡತ್ತೆ. ಸೋಲಾರ್ ಬ್ಯಾಟರಿದೂ ಸಿಗತ್ತೆ.

ಬೇಲಿ ಕೈಕೊಡೋದು ಬಹುತೇಕ ಅರ್ತಿಂಗ್ ಇಂದ. ಅರ್ತ್ ಸರಳು ಒಣ ಮಣ್ಣಲ್ಲಿ ನೆಟ್ಟಿದ್ರೆ ಶಾಕ್ ತಾಗೋದೇ ಇಲ್ಲ, ತೇವ ಇರೋ ಕಡೆ ಆಳಕ್ಕೆ ಹೊಡೀರಿ, ಬೇಸಿಗೆಯಲ್ಲಿ ಅದರ ಬುಡಕ್ಕೆ ನೀರು ಹಾಕಿ. ಎರಡನೇದು ಹಂದಿಗಳು ತಂತಿ ಪಕ್ಕ ಅಗೀತಾ ಅಗೀತಾ ಮಣ್ಣಿನ ಹೆಂಟೆಯನ್ನ ತಂತಿ ಮೇಲೇ ತಳ್ಳಿಬಿಡತ್ವೆ, ಕೆಳಗಿನ ಎಳೆ ಮಣ್ಣಲ್ಲಿ ಹೂತು ಕರೆಂಟ್ ಎಲ್ಲಾ ನೆಲಕ್ಕೆ ಇಳಿಯತ್ತೆ. ಹಾಗಾಗಿ ದಿನಾ ಬೆಳಿಗ್ಗೆ ಟೆಸ್ಟರ್ ಹಿಡ್ಕೊಂಡು ಒಂದು ಸುತ್ತು, ತಂತಿ ಕೆಳಗಿನ ಮಣ್ಣು ಹುಲ್ಲು ಸರಿಸ್ಕೊಂಡು ಬರೋದು ಅಭ್ಯಾಸ ಆಗಬೇಕು.

ಹೊಸ ಹಂದಿಯನ್ನ ನೇರ ತಂದು ಕರೆಂಟ್ ತಂತಿ ಒಳಗೆ ಬಿಡಬಾರದು. ಹಂದಿ ಮೊದಲ ಸಲ ತಂತಿಗೆ ಮೂತಿ ತಾಗಿಸಿದಾಗ ಏನು ಮಾಡತ್ತೆ ನೋಡಿ, ಒದ್ದೆ ಮೂತಿ ಮುಂದೆ ಚಾಚಿ ಮೂಸಿ ನೋಡತ್ತೆ, ಫಟ್ ಅಂತ ಹೊಡೀತಿದ್ದ ಹಾಗೆ ಕಿರುಚಿ ಮುಂದಕ್ಕೇ ನುಗ್ಗತ್ತೆ, ಹಿಂದಕ್ಕಲ್ಲ. ಮುಂದೆ ತಡೆ ಇಲ್ಲಾಂದ್ರೆ ತಂತಿ ಕಿತ್ಕೊಂಡು ಆಚೆ ಹೋಗತ್ತೆ, ಅದಕ್ಕೆ ಶಾಕ್ ಆಚೆ ಸ್ವಾತಂತ್ರ್ಯ ಇದೆ ಅನ್ನೋ ಪಾಠ ಸಿಗತ್ತೆ, ಆಮೇಲೆ ಆ ಹಂದಿಯನ್ನ ತಂತಿಯಲ್ಲಿ ಹಿಡಿದಿಡೋದು ಬಹಳ ಕಷ್ಟ. ಅದಕ್ಕೆ ಮೊದಲು ಗಟ್ಟಿ ಪ್ಯಾನಲ್ಲಿನ ಚಿಕ್ಕ ದೊಡ್ಡಿ ಮಾಡಿ, ಒಳಗಡೆ ಪ್ಯಾನಲ್ಲಿಂದ ಒಂದೆರಡು ಅಡಿ ಬಿಟ್ಟು ಮೂತಿ ಎತ್ತರಕ್ಕೆ ಒಂದು ತಂತಿ ಎಳೀರಿ. ಶಾಕ್ ಹೊಡೀತಿದ್ದ ಹಾಗೆ ಮುಂದೆ ನುಗ್ಗಿದ್ರೆ ಪ್ಯಾನಲ್ ಅಡ್ಡ ಸಿಗತ್ತೆ, ಹಿಂದೆ ಸರಿದ್ರೆ ಮಾತ್ರ ಬಿಡುಗಡೆ ಅಂತ ಕಲಿಯತ್ತೆ. ಒಂದು ವಾರ ಹೀಗಿಟ್ಟು ಆಮೇಲೆ ಹೊರಗೆ ಬಿಡಿ.

ಕಲಿತ ಮೇಲೆ ಉಲ್ಟಾ ತೊಂದರೆ ಒಂದಿದೆ. ತಂತಿ ಇದ್ದ ಜಾಗವನ್ನ ಹಂದಿ ಮರೆಯಲ್ಲ, ನೀವು ತಂತಿ ತೆಗೆದು ಬಾ ಬಾ ಅಂತ ಎಷ್ಟು ಕರೆದ್ರೂ ಆ ಗೆರೆ ದಾಟಲ್ಲ. ಆದ್ದರಿಂದ ದಾಟಿಸೋ ಜಾಗದಲ್ಲಿ ತಂತಿ ಬೇಡ, ಮರದ್ದೋ ಕಬ್ಬಿಣದ್ದೋ ಕಣ್ಣಿಗೆ ಕಾಣೋ ಗೇಟ್ ಇಡಿ, ಗೇಟ್ ತೆಗೆದಾಗ ಅಲ್ಲಿ ಹುಲ್ಲು ಹರಡಿ ಆಚೆ ಕಡೆ ಬಕೆಟ್ಟಿನಲ್ಲಿ ಕೈತಿಂಡಿ ಅಲ್ಲಾಡಿಸಿ, ಆ ಸದ್ದಿಗೆ ಬರತ್ವೆ.

ಯಾವಾಗ ದಾಟಿಸೋದು

ಕ್ಯಾಲೆಂಡರ್ ನೋಡಿ ದಾಟಿಸಬೇಡಿ, ನೆಲ ನೋಡಿ ದಾಟಿಸಿ. ನಾನು ಹಿಡಿಯೋ ಅಳತೆ: ತಾಕಿನ ಮೂರರಲ್ಲಿ ಒಂದು ಭಾಗ ಮಣ್ಣು ಮೇಲೆ ಬಂತು ಅನ್ನೋಷ್ಟರಲ್ಲಿ ಹಿಂಡು ಆಚೆ ಹೋಗಿರಬೇಕು. ಮೊದಲ ದಿನ ಹೊಸ ಹುಲ್ಲಿಗೆ ಬಿಟ್ಟಾಗ ತಲೆ ತಗ್ಗಿಸಿ ಚಿಗುರು, ಕ್ಲೋವರ್ ಎಲೆ ಕಡೀತಾ ಮೇಯತ್ವೆ, ಮೇಲಿನ ರುಚಿ ಮುಗಿದ ಮೇಲೆ ಮೂತಿ ಕೆಳಗೆ ಇಳಿಯತ್ತೆ. ಮೇಯೋದು ನಿಂತು ಅಗೆಯೋದು ಶುರುವಾದ ದಿನವೇ ಸೂಚನೆ. ಒಣ ನೆಲದಲ್ಲಿ ವಾರ ಹಿಡಿಯೋದು ಮಳೆ ಬಿದ್ದ ಮೇಲೆ ಎರಡೇ ದಿನದಲ್ಲಿ ಆಗಿಹೋಗತ್ತೆ, ಮೆತ್ತಗಾದ ಮಣ್ಣಿಗೆ ಮೂತಿ ಸಲೀಸಾಗಿ ಇಳಿಯತ್ತಲ್ಲ. ಮಳೆ ಹಿಡಿಯೋ ಲಕ್ಷಣ ಕಂಡ್ರೆ ಒಂದು ದಿನ ಮುಂಚೆನೇ ದಾಟಿಸಿ. ಜಡಿಮಳೆ ದಿನಗಳಿಗೆ ಅಂತ ಒಂದು ಗಟ್ಟಿ ನೆಲದ ಜಾಗ, ದಪ್ಪ ಹುಲ್ಲಿನ ಹಾಸು ಇರೋ ದೊಡ್ಡಿ ಬೇರೆಯೇ ಇರಲಿ, ಅದೊಂದು ಜಾಗ ಹಾಳಾದ್ರೂ ಉಳಿದದ್ದು ಉಳಿಯತ್ತೆ.

ಗೂಡು, ನೀರು, ಕೈತಿಂಡಿ ಈ ಮೂರನ್ನೂ ತಾಕಿನ ಬೇರೆ ಬೇರೆ ಮೂಲೆಯಲ್ಲಿಡಿ. ಒಂದೇ ಕಡೆ ಇಟ್ರೆ ಅಲ್ಲೇ ತುಳಿದು ತುಳಿದು ಕೆಸರು ಮಾಡತ್ವೆ, ಬೇರೆ ಬೇರೆ ಇಟ್ರೆ ಇಡೀ ತಾಕು ಓಡಾಡತ್ವೆ, ಗೊಬ್ಬರವೂ ಹರಡತ್ತೆ. ಎಷ್ಟು ಹಂದಿ ಅನ್ನೋದಕ್ಕೆ ಯೂರೋಪಿಯನ್ ಯೂನಿಯನ್ನಿನ ಆರ್ಗ್ಯಾನಿಕ್ ನಿಯಮದಲ್ಲಿ ಒಂದು ಮಿತಿ ಇದೆ, ಒಂದು ಹೆಕ್ಟೇರಿಗೆ ವರ್ಷಕ್ಕೆ ಗೊಬ್ಬರದಿಂದ 170 ಕೆಜಿ ನೈಟ್ರೋಜನ್ ಮೀರಬಾರದು ಅಂತ, ಅದನ್ನ ಹಂದಿ ಲೆಕ್ಕಕ್ಕೆ ತಂದ್ರೆ ಹೆಚ್ಚುಕಮ್ಮಿ 14 ಬೆಳೆಯೋ ಹಂದಿ ಇಲ್ಲಾಂದ್ರೆ 6 ತಾಯಿ ಹಂದಿ. ಹುಲ್ಲು ಚೆನ್ನಾಗಿ ಉಳೀಬೇಕು ಅಂದ್ರೆ ಮೊದಲ ವರ್ಷ ಅದಕ್ಕಿಂತಲೂ ಕಮ್ಮಿ ಇಡಿ. ಇಳಿಜಾರು, ಹಳ್ಳದ ದಂಡೆ, ಬಾವಿ ಹತ್ರ ಹಂದಿ ಬೇಡ, ಮಣ್ಣು ಮಲ ಎಲ್ಲಾ ನೀರಿಗೆ ಸೇರತ್ತೆ. ಮರಗಳಿದ್ರೆ ನೆರಳಿಗೆ ಒಳ್ಳೇದು, ಆದ್ರೆ ಎಳೇ ಮರದ ಬುಡಕ್ಕೆ ತೊಗಟೆ ಕಿತ್ತು ಬೇರು ಬಗೆದು ಕೊಂದುಬಿಡತ್ವೆ, ಬುಡಕ್ಕೆ ಸುತ್ತ ಬೇಲಿ ಇರಲಿ.

ಹಂದಿ ಹೋದ ದಿನವೇ ತಾಕಿಗೆ ಬೀಜ ಎರಚಿಬಿಡಿ, ಮಣ್ಣು ಸಡಿಲ ಇರತ್ತೆ, ಉಳುಮೆ ಆಗಿಯೇ ಇರತ್ತೆ, ಗುಂಡಿ ಬಿದ್ದಿದ್ರೆ ಕುಂಟೆ ಎಳೆದು ಸಮ ಮಾಡಿ. ರೈಗ್ರಾಸ್, ಕ್ಲೋವರ್, ಲೂಸರ್ನ್, ಚಿಕೋರಿ, ಟರ್ನಿಪ್, ಅಲಸಂದೆ, ನಿಮ್ಮ ಹವೆಗೆ ಯಾವುದು ಬರತ್ತೋ ಅದು, ಮೂರರಲ್ಲಿ ಒಂದು ಪಾಲಾದ್ರೂ ದ್ವಿದಳ ಇರಲಿ, ಅದರಲ್ಲೇ ಪ್ರೋಟೀನ್ ಇರೋದು. ಚಿಗುರು ಗೇಣುದ್ದ ಬಂದು, ಹಿಡಿದು ಎಳೆದ್ರೆ ಬೇರು ಸಮೇತ ಬರದಷ್ಟು ಗಟ್ಟಿ ಆದ ಮೇಲೇ ಮತ್ತೆ ಹಂದಿ. ನಡುವೆ ಒಂದು ಸಲ ದನವೋ ಕುರಿಯೋ ಮೇಯಿಸಿದ್ರೆ ಇನ್ನೂ ಒಳ್ಳೇದು, ಅವು ಹುಲ್ಲು ಸಮ ಮಾಡತ್ವೆ, ಹಂದಿ ಜಂತುವಿನ ಕಾಟವೂ ಸ್ವಲ್ಪ ಕಮ್ಮಿ ಆಗತ್ತೆ. ಒಂದೇ ಎಚ್ಚರ, ಹಂದಿ ಫೀಡಿನಲ್ಲಿ ತಾಮ್ರ ಜಾಸ್ತಿ ಇರಬಹುದು, ಕುರಿಗೆ ಅದು ವಿಷ, ಹಂದಿ ತೊಟ್ಟಿ ಹತ್ರ ಕುರಿ ಸುಳಿಯಬಾರದು.

ತಿನ್ನೋದು ಕುಡಿಯೋದು

ಹುಲ್ಲು ತಿಂದ್ಕೊಂಡೇ ಹಂದಿ ಬೆಳೆಯತ್ತೆ ಅನ್ನೋ ಮಾತು ಬೇಜಾನ್ ಹರಿದಾಡತ್ತೆ, ನಂಬಬೇಡಿ. ಹಂದಿಗೆ ದನದ ಹಾಗೆ ನಾಲ್ಕು ಕೋಣೆ ಹೊಟ್ಟೆ ಇಲ್ಲ, ನಮ್ಮ ಹಾಗೆ ಒಂದೇ. ಗಬ್ಬದ ದೊಡ್ಡ ಹಂದಿ ಒಳ್ಳೇ ಹುಲ್ಲಿಂದ ಗಣನೀಯ ಪಾಲು ತಗೊಳ್ಳತ್ತೆ, ಬೆಳೆಯೋ ಮರಿಗೆ ಅಷ್ಟು ಆಗಲ್ಲ, ಅದಕ್ಕೆ ಸರಿಯಾದ ಕೈತಿಂಡಿ ಬೇಕೇ ಬೇಕು. ತಾಯಿ ಬಿಟ್ಟ ಮರಿಗೆ ಸುಮಾರು 18 ಪರ್ಸೆಂಟ್ ಪ್ರೋಟೀನ್, ಬೆಳೆಯೋ ಹಂದಿಗೆ 16, ಗಬ್ಬದ ಹಂದಿಗೆ 13-14 ಸಾಕು. ಪ್ರೋಟೀನ್ ಒಟ್ಟು ಇದ್ರೆ ಸಾಲದು, ಅದರಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲ ಇರಬೇಕು, ಬರೀ ಜೋಳ ಗೋಧಿಯಲ್ಲಿ ಅದು ಕಮ್ಮಿ. ಆರ್ಗ್ಯಾನಿಕ್‌ನಲ್ಲಿ ಕಾರ್ಖಾನೆ ಲೈಸಿನ್ ಬೆರೆಸೋ ಹಾಗಿಲ್ಲದ ಕಡೆ ಬಟಾಣಿ, ಸೋಯಾ, ಹಾಲಿನ ತಿಳಿನೀರು ಇಂಥದ್ದರಿಂದಲೇ ತುಂಬಬೇಕು. ಸೋಯಾ ಹಸಿಯಾಗಿ ಕೊಡಬೇಡಿ, ಅದರಲ್ಲಿ ಪ್ರೋಟೀನ್ ಜೀರ್ಣ ಆಗದ ಹಾಗೆ ತಡೆಯೋ ಅಂಶ ಇದೆ, ಹುರಿದ್ರೆ ಹೋಗತ್ತೆ. ಆಲೂಗಡ್ಡೆ ಬೇಯಿಸಿ ಕೊಡಿ, ಹಸಿರು ತಿರುಗಿದ್ದು, ಮೊಳಕೆ ಬಂದಿದ್ದು ಬೇಡವೇ ಬೇಡ. ಬೂಸ್ಟು ಹಿಡಿದ ಕಾಳು ಹಂದಿಗೆ ತಾನೇ ಅಂತ ಹಾಕ್ತಾರೆ, ದಯವಿಟ್ಟು ಹಾಕಬೇಡಿ, ಮೆಕ್ಕೆಜೋಳದ ಬೂಸ್ಟಿನ ಒಂದು ವಿಷ ಹೆಣ್ಣು ಹಂದಿಗೆ ಬೆದೆ ಬಂದ ಹಾಗೆ ಯೋನಿ ಊದಿಸತ್ತೆ, ಗಬ್ಬ ಕಟ್ಟೋದೇ ಏರುಪೇರಾಗತ್ತೆ.

ಎಷ್ಟು ಅಂದ್ರೆ ಬೆಳೆದ ಹಂದಿಗೆ ದಿನಕ್ಕೆ 2ರಿಂದ 3 ಕೆಜಿ, ಹಾಲೂಡಿಸೋ ತಾಯಿಗೆ 2 ಕೆಜಿ ಮತ್ತೆ ಒಂದೊಂದು ಮರಿಗೂ ಅರ್ಧ ಅರ್ಧ ಕೆಜಿ ಸೇರಿಸಿ. ಆದ್ರೆ ತಕ್ಕಡಿಗಿಂತ ಕೈ ನಂಬಿ, ಸೊಂಟದ ಮೂಳೆ ಮೇಲೆ ಅಂಗೈ ಇಟ್ಟು ಒತ್ತಿ, ಸ್ವಲ್ಪ ಒತ್ತಿದ್ರೆ ಮೂಳೆ ಸಿಗಬೇಕು. ಒತ್ತದೇನೇ ಚುಚ್ಚಿದ್ರೆ ಬಡಕಲು, ಎಷ್ಟು ಒತ್ತಿದ್ರೂ ಸಿಗದಿದ್ರೆ ಕೊಬ್ಬು. ಹಳೇ ತಳಿ ಹೆಣ್ಣು ಹಂದಿ ಕೊಬ್ಬಿದ್ರೆ ಗಬ್ಬ ನಿಲ್ಲೋದು ಕಷ್ಟ, ಮರಿ ಮೇಲೆ ಮಲಗಿ ಅಪ್ಪಚ್ಚಿ ಮಾಡೋದೂ ಜಾಸ್ತಿ.

ಅಡಿಗೆಮನೆ, ಹೋಟೆಲ್ ಎಂಜಲು, ಮಾಂಸ ತಾಗಿದ ಯಾವುದೂ ಹಂದಿಗೆ ಹಾಕಬೇಡಿ. ಆಫ್ರಿಕನ್ ಹಂದಿಜ್ವರದ ವೈರಸ್ ಮಾಂಸದಲ್ಲಿ ತಿಂಗಳುಗಟ್ಟಲೆ ಬದುಕಿರತ್ತೆ, ರೋಗ ಬಂದ್ರೆ ಮದ್ದಿಲ್ಲ, ಹಿಂಡಿಗೆ ಹಿಂಡೇ ಹೋಗತ್ತೆ, ಅಕ್ಕಪಕ್ಕದವರದ್ದೂ ಹೋಗತ್ತೆ. ತುಂಬಾ ದೇಶಗಳಲ್ಲಿ ಎಂಜಲು ಹಾಕೋದು ಕಾನೂನುಬಾಹಿರ ಆಗಿರೋದು ಇಂಥ ರೋಗಗಳ ಭಯಕ್ಕೇ. ಆರ್ಗ್ಯಾನಿಕ್ ಲೆಕ್ಕದಲ್ಲೂ ಅದು ನಡೆಯಲ್ಲ, ಫೀಡ್ ಆರ್ಗ್ಯಾನಿಕ್ಕೇ ಇರಬೇಕು.

ನೀರು ಬೆಳೆದ ಹಂದಿಗೆ ದಿನಕ್ಕೆ 10 ಲೀಟರ್ ಮೇಲೆ, ಹಾಲೂಡಿಸೋದಕ್ಕೆ 20-30 ಲೀಟರ್. ತೊಟ್ಟಿಯನ್ನ ಮಗುಚಿ ಹಾಕೋದು ಹಂದಿಗೆ ಇಷ್ಟವಾದ ಆಟ, ಭಾರದ ತೊಟ್ಟಿಯೋ, ಬಾಯಲ್ಲಿ ಒತ್ತಿದ್ರೆ ನೀರು ಬರೋ ನಿಪ್ಪಲ್ಲೋ ಹಾಕಿ. ಒಂದೆರಡು ದಿನ ನೀರು ತಪ್ಪಿದ್ರೆ ಮೈಯಲ್ಲಿ ಉಪ್ಪು ಏರಿ ತಲೆಗೆ ಹತ್ತತ್ತೆ, ಸುತ್ತು ಹಾಕತ್ತೆ, ಸೆಟೆಯತ್ತೆ, ಸಾಯತ್ತೆ. ಹಾಗೆ ನೀರು ತಪ್ಪಿದ ಹಿಂಡು ಕಂಡ್ರೆ ಒಂದೇ ಸಲ ಹೊಟ್ಟೆತುಂಬ ಕುಡಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ಕೊಡಿ, ಪಶುವೈದ್ಯರನ್ನ ಕರೀರಿ.

ಹಂದಿ ಬೆವರಲ್ಲ. ಬಿಸಿಲು 30 ಡಿಗ್ರಿ ಹತ್ರ ಬಂದ್ರೆ ನೆರಳು, ಕೆಸರು ಗುಂಡಿ ಎರಡೂ ಬೇಕು. ಬರೀ ನೀರಿಗಿಂತ ಕೆಸರು ಮೇಲು, ಮೈಮೇಲೆ ನಿಂತು ನಿಧಾನ ಆರತ್ತೆ, ಅಷ್ಟು ಹೊತ್ತೂ ತಂಪು. ಬಿಸಿಲಿಗೆ ಸುಡದ ಹಾಗೆ, ನೊಣ ಕಚ್ಚದ ಹಾಗೆ ಒಂದು ಪದರವೂ ಆಗತ್ತೆ.

ಮರಿ ಹಾಕಿಸೋದು

ಹೆಣ್ಣಿಗೆ 21 ದಿನಕ್ಕೊಂದ್ಸಲ ಬೆದೆ. ಸೊಂಟದ ಮೇಲೆ ಎರಡೂ ಕೈ ಊರಿ ಒತ್ತಿದಾಗ ಕಂಬದ ಹಾಗೆ ಅಲ್ಲಾಡದೆ ನಿಂತು ಕಿವಿ ನಿಮಿರಿಸಿದ್ರೆ ಗಂಡು ಬಿಡೋ ಹೊತ್ತು. ಮೊದಲ ಸಲಕ್ಕೆ 8 ತಿಂಗಳಾದ್ರೂ ತುಂಬಿರಲಿ. ಅಲ್ಲಿಂದ 114 ದಿನ, ಅಂದ್ರೆ 3 ತಿಂಗಳು 3 ವಾರ 3 ದಿನ. ಗಂಡು ಹಂದಿ ಎಷ್ಟೇ ಸಾಧು ಇದ್ರೂ ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಡಿ, ಕೈಯಲ್ಲಿ ಹಲಗೆ ಇರಲಿ.

ದಿನ ಹತ್ರ ಬಂದಾಗ ತಾಯಿಗೆ ಅಂತ ಒಂದು ಗೂಡು, ಹೆಚ್ಚುಕಮ್ಮಿ 2 ಮೀಟರ್ ಅಗಲ ಎರಡೂವರೆ ಉದ್ದ, ಗಾಳಿ ಮಳೆ ಎದುರು ಬಾಗಿಲು ಬೇಡ, ಒಳಗೆ ಗೋಡೆಗುಂಟ ನೆಲದಿಂದ 20-25 ಸೆಂಟಿಮೀಟರ್ ಎತ್ತರಕ್ಕೆ ಅಡ್ಡ ಸರಳು. ತಾಯಿ ಗೋಡೆಗೆ ಒರಗಿ ಜಾರಿ ಮಲಗುವಾಗ ಮರಿಗೆ ತಪ್ಪಿಸ್ಕೊಳ್ಳೋಕೆ ಆ ಸರಳಿನ ಹಿಂದಿನ ಸಂದೇ ಗತಿ. ಒಬ್ಬೊಬ್ಬ ತಾಯಿಗೆ ಒಂದೊಂದು ಗೂಡು. ಒಣ ಹುಲ್ಲನ್ನ ಗೂಡಿನ ಹೊರಗೂ ಸ್ವಲ್ಪ ಹಾಕಿ, ಹೊತ್ತು ಬಂದಾಗ ಅದೇ ಬಾಯಲ್ಲಿ ಕಚ್ಚಿ ಕಚ್ಚಿ ಒಳಗೆ ಹೊರತ್ತೆ, ಮುಂಗಾಲಲ್ಲಿ ಗುಂಡಿ ತೋಡಿ ಸುತ್ತ ಅಂಚು ಕಟ್ಟತ್ತೆ, ತಿರುಗಿ ತಿರುಗಿ ಸರಿ ಮಾಡತ್ತೆ. ಹುಲ್ಲು ಹೊರೋಕೆ ಶುರು ಮಾಡ್ತು ಅಂದ್ರೆ ಸಾಮಾನ್ಯವಾಗಿ ಒಂದು ದಿನದೊಳಗೆ ಮರಿ. ಮೊಲೆ ಹಿಂಡಿದ್ರೆ ಹಾಲು ಬಂದ್ರೆ ಇನ್ನೂ ಹತ್ರ. ಆಮೇಲೆ ಸುಮ್ಮನೆ ದೂರ ನಿಲ್ಲಿ, ಒಳ್ಳೇ ತಾಯಿ ತಳಿಗೆ ನಿಮ್ಮ ಸಹಾಯ ಬೇಡ. ಒಂದು ಮರಿಗೂ ಮುಂದಿನ ಮರಿಗೂ ನಡುವೆ ಒಂದು ಗಂಟೆ ದಾಟಿ, ತಾಯಿ ತಿಣುಕ್ತಾನೇ ಇದ್ರೆ ಆಗ ಪಶುವೈದ್ಯರಿಗೆ ಫೋನ್ ಮಾಡಿ.

ಹುಟ್ಟಿದ ಮರಿಗೆ 32-34 ಡಿಗ್ರಿ ಬೆಚ್ಚಗೆ ಬೇಕು, ಅಷ್ಟು ದಪ್ಪ ಹುಲ್ಲಿನ ಹಾಸು ಇರಲಿ. ಮೊದಲ ಕೆಲವು ಗಂಟೆಯಲ್ಲಿ ಗಿಣ್ಣುಹಾಲು ಕುಡಿದಿರಬೇಕು, ಹುಟ್ಟುವಾಗ ಅದರ ಮೈಯಲ್ಲಿ ರೋಗನಿರೋಧಕ ಶಕ್ತಿ ಹೆಚ್ಚುಕಮ್ಮಿ ಇರೋದೇ ಇಲ್ಲ. ಮೊದಲ ಒಂದೆರಡು ದಿನದಲ್ಲೇ ಯಾರಿಗೆ ಯಾವ ಮೊಲೆ ಅಂತ ಜಗಳ ಆಡಿ ತೀರ್ಮಾನ ಮಾಡ್ಕೊಳ್ಳತ್ವೆ, ಆಮೇಲೆ ಅದೇ ಜಾಗ. ಗಂಟೆಗೊಂದು ಸಲ ತಾಯಿ ಮೆಲ್ಲಗೆ ಗುರ್ ಗುರ್ ಅಂತ ಕರೀತಾ ಆ ಗುರ್ ಗುರ್ ಜೋರಾಗಿ ವೇಗ ಏರಿದಾಗ ಹಾಲು ಇಳಿಯತ್ತೆ, ಅದೂ ಬರೀ 20 ಸೆಕೆಂಡ್ ಆಸುಪಾಸು, ಆ ಹೊತ್ತಿಗೆ ಮೊಲೆ ಹಿಡಿಯದ ಮರಿಗೆ ಮತ್ತೊಂದು ಗಂಟೆ ಉಪವಾಸ. ಹಾಗಾಗಿ ಚಿಕ್ಕದೊಂದು ಹಿಂದೆ ಬೀಳ್ತಿದ್ಯಾ ಅಂತ ಹಾಲೂಡಿಸೋ ಹೊತ್ತಲ್ಲೇ ನೋಡಬೇಕು. ಶೆಡ್ಡಲ್ಲಿ ಹುಟ್ಟಿದ ಮರಿಗೆ ಕಬ್ಬಿಣದ ಇಂಜೆಕ್ಷನ್ ಕೊಡ್ತಾರೆ, ತಾಯಿ ಹಾಲಲ್ಲಿ ಕಬ್ಬಿಣ ಸಾಲಲ್ಲ ಅಂತ. ಮಣ್ಣಲ್ಲಿ ಓಡಾಡೋ ಮರಿ ಮೊದಲ ವಾರದಿಂದಲೇ ಮಣ್ಣು ನೆಕ್ಕಿ ಅದನ್ನ ಪಡ್ಕೊಳ್ಳತ್ತೆ. ಬಾಲ ಕತ್ತರಿಸೋದು, ಹಲ್ಲು ಕತ್ತರಿಸೋದು ಇಲ್ಲಿ ಬೇಕಿಲ್ಲ, ಇಕ್ಕಟ್ಟಿಲ್ಲದ ಕಡೆ ಒಂದರ ಬಾಲ ಇನ್ನೊಂದು ಕಚ್ಚೋದು ಅಪರೂಪ.

ತಾಯಿ ಬಿಡಿಸೋಕೆ ಅವಸರ ಬೇಡ. ಯೂರೋಪಿನ ಆರ್ಗ್ಯಾನಿಕ್ ನಿಯಮ ಕನಿಷ್ಠ 40 ದಿನ ಅನ್ನತ್ತೆ, 8 ವಾರ ಬಿಟ್ರೆ ಮರಿ ಹೊಟ್ಟೆ ಗಟ್ಟಿ ಆಗಿರತ್ತೆ, ಭೇದಿ ಕಮ್ಮಿ. ಬಿಡಿಸುವಾಗ ಮರಿಗಳನ್ನ ಇದ್ದ ಜಾಗದಲ್ಲೇ ಬಿಟ್ಟು ತಾಯಿಯನ್ನ ಕರ್ಕೊಂಡು ಹೋಗಿ.

ರೋಗ ರುಜಿನ

ಹೊರಗೆ ಸಾಕೋ ಹಂದಿಗೆ ದೊಡ್ಡ ಶತ್ರು ದುಂಡು ಜಂತು, ಆಸ್ಕರಿಸ್. ಅದರ ಮೊಟ್ಟೆ ಮಣ್ಣಲ್ಲಿ ವರ್ಷಗಟ್ಟಲೆ ಸಾಯಲ್ಲ, ಹುಲ್ಲಿಗೆ ಕೊಟ್ಟ ಒಂದೆರಡು ತಿಂಗಳ ವಿಶ್ರಾಂತಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಮರಿ ಹಾಕಿಸೋ ತಾಕು, ಮರಿ ಬೆಳೆಯೋ ತಾಕು ಪ್ರತೀ ಸಲ ಬೇರೆ ಇರಲಿ, ಎರಡು ವರ್ಷ ಹಂದಿ ನೋಡದ ನೆಲ ಸಿಕ್ಕಿದ್ರೆ ಮರಿಗಳಿಗೇ ಮೊದಲು ಕೊಡಿ, ದೊಡ್ಡವು ಆಮೇಲೆ. ಸುಮ್ಮನೆ ಮೂರು ತಿಂಗಳಿಗೊಂದ್ಸಲ ಜಂತಿನ ಔಷಧಿ ಹಾಕೋದು ಆರ್ಗ್ಯಾನಿಕ್‌ನಲ್ಲಿ ಆಗಲ್ಲ, ಮಲದ ಸ್ಯಾಂಪಲ್ ಲ್ಯಾಬಿಗೆ ಕಳಿಸಿ ಮೊಟ್ಟೆ ಎಣಿಸಿ, ಬೇಕಾದ್ರೆ ಮಾತ್ರ ವೈದ್ಯರ ಚೀಟಿ ಮೇಲೆ. ಕಡಿದ ಹಂದಿಯ ಈಲಿ (ಲಿವರ್) ಮೇಲೆ ಹಾಲಿನ ಬಣ್ಣದ ಮಚ್ಚೆ ಕಂಡ್ರೆ ಮರಿ ಜಂತು ಈಲಿ ದಾಟಿ ಹೋಗಿದೆ ಅಂತ ಅರ್ಥ, ಕಸಾಯಿಯವರಿಗೆ ಈಲಿ ತೋರಿಸೋಕೆ ಹೇಳಿ, ನಿಮ್ಮ ನೆಲದ ವರದಿ ಅದರಲ್ಲೇ ಇರತ್ತೆ.

ಇನ್ನೊಂದು ಎರಿಸಿಪೆಲಸ್, ಮಣ್ಣಲ್ಲೇ ಇರೋ ಬ್ಯಾಕ್ಟೀರಿಯಾ. ಜ್ವರ ಏರಿ ಮೈಮೇಲೆ ವಜ್ರಾಕಾರದ ಕೆಂಪು ಉಬ್ಬು ಬರತ್ತೆ, ಮನುಷ್ಯರ ಗಾಯಕ್ಕೂ ತಗಲತ್ತೆ. ಲಸಿಕೆ ಇದೆ, ಲಸಿಕೆಗೆ ಆರ್ಗ್ಯಾನಿಕ್ ನಿಯಮಗಳ ಅಡ್ಡಿ ಇಲ್ಲ, ಹಾಕಿಸಿ. ಪೆನ್ಸಿಲಿನ್‌ಗೆ ಬೇಗ ಬಗ್ಗತ್ತೆ. ಆಂಟಿಬಯೋಟಿಕ್ ಕೊಟ್ರೆ ಕೆಲವು ದೇಶದಲ್ಲಿ ಆ ಹಂದಿಯನ್ನ ಆರ್ಗ್ಯಾನಿಕ್ ಅಂತ ಮಾರೋ ಹಾಗಿಲ್ಲ, ಆದ್ರೂ ಲೇಬಲ್ ಉಳಿಸ್ಕೊಳ್ಳೋಕೆ ನರಳೋ ಪ್ರಾಣಿಗೆ ಮದ್ದು ತಪ್ಪಿಸಬಾರದು, ನಿಯಮವೂ ಅದನ್ನೇ ಹೇಳತ್ತೆ. ಆ ಒಂದು ಹಂದಿಯನ್ನ ಬೇರೆ ಲೆಕ್ಕದಲ್ಲಿ ಮಾರಿ. ಹಂದಿಯ ಮಾಮೂಲು ಮೈಬಿಸಿ 39 ಡಿಗ್ರಿ ಆಸುಪಾಸು, ಥರ್ಮಾಮೀಟರ್ ಮನೆಯಲ್ಲಿರಲಿ. ಮೇವಿನ ಹೊತ್ತಿಗೆ ಓಡಿ ಬರದ ಹಂದಿ ಅಂದ್ರೆ ಏನೋ ಆಗಿದೆ, ನಾಳೆ ನೋಡೋಣ ಅನ್ನಬೇಡಿ.

ಕೊನೇ ದಿನ ಮತ್ತು ತಳಿ ಉಳಿಸೋದು

ಕಡಿಯೋಕೆ ಕಳಿಸೋ ಹಂದಿಗೆ ಒಂದು ವಾರ ಮುಂಚಿನಿಂದಲೇ ಗಾಡಿಯೊಳಗೆ ತಿಂಡಿ ಹಾಕಿ ಅಭ್ಯಾಸ ಮಾಡಿಸಿ, ಆ ದಿನ ತಾನಾಗೇ ಹತ್ತತ್ತೆ. ಹೊಡೆದು ಬಡಿದು ಹತ್ತಿಸಿದ್ರೆ ಹಂದಿಗೂ ಹಿಂಸೆ, ಮಾಂಸವೂ ಬಿಳಿಚಿ ನೀರು ಬಿಡತ್ತೆ. ಇಷ್ಟು ದಿನ ಬಯಲಲ್ಲಿ ಚೆನ್ನಾಗಿ ಬದುಕಿದ ಪ್ರಾಣಿಗೆ ಕೊನೇ ಗಂಟೆಯೂ ಗಾಬರಿ ಇಲ್ದೆ ಇರಬೇಕು ಅನ್ನೋದು ನನಗೆ ಬಹಳ ಮುಖ್ಯ. ಗಂಡು ಮರಿಗಳ ಬಗ್ಗೆ ಮೊದಲೇ ತೀರ್ಮಾನ ಮಾಡಿ, ಹಳೇ ತಳಿ ನಿಧಾನ ಬೆಳೆಯೋದ್ರಿಂದ ಕಡಿಯೋ ಹೊತ್ತಿಗೆ ಪ್ರಾಯಕ್ಕೆ ಬಂದಿರತ್ವೆ, ಬೀಜ ಒಡೆಸದ ಗಂಡಿನ ಮಾಂಸಕ್ಕೆ ಒಂಥರಾ ವಾಸನೆ ಬರಬಹುದು. ಒಡೆಸೋದಾದ್ರೆ ಹುಟ್ಟಿದ ಮೊದಲ ವಾರದಲ್ಲೇ, ನೋವು ತಡೆಯೋ ಮದ್ದು ಕೊಟ್ಟು, ವೈದ್ಯರ ಕೈಯಲ್ಲಿ.

ಎಲ್ಲಾ ಹೆಣ್ಣು ಮರಿಯನ್ನೂ ತಳಿಗೆ ಅಂತ ಉಳಿಸಬೇಡಿ. ಚೆನ್ನಾಗಿ ಮೇಯೋದು, ಕಾಲು ಗಟ್ಟಿ ಇರೋದು, ಸೌಮ್ಯ ಇರೋದು, ಎಲ್ಲಾ ಮರಿ ಉಳಿಸ್ಕೊಂಡ ತಾಯಿಯ ಮಗಳು, ಇಂಥದ್ದು ಮಾತ್ರ, ಉಳಿದದ್ದು ಮಾಂಸಕ್ಕೆ. ಕಮ್ಮಿ ಸಂಖ್ಯೆ ಇರೋ ತಳಿಯಲ್ಲಿ ಅಪ್ಪ ಮಗಳು, ಅಣ್ಣ ತಂಗಿ ಕೂಡೋ ಅಪಾಯ ಬಹಳ, ಮರಿ ಸಂಖ್ಯೆ ಇಳಿಯತ್ತೆ, ಹುಟ್ಟಿದ್ದು ನಿಶ್ಶಕ್ತ ಆಗತ್ತೆ. ಪ್ರತೀ ಮರಿಗೂ ಕಿವಿಯೋಲೆ ನಂಬರ್, ಅಪ್ಪ ಅಮ್ಮ ಯಾರು ಅಂತ ಪುಸ್ತಕದಲ್ಲಿ ಬರೆದಿಡಿ, ತಳಿಯ ರಿಜಿಸ್ಟರ್ ಇದ್ರೆ ಅಲ್ಲೂ ಸೇರಿಸಿ. ಗಂಡನ್ನ ಅದರ ಮಗಳಂದಿರು ಬೆದೆಗೆ ಬರೋಕೆ ಮುಂಚೆಯೇ ಅದೇ ತಳಿ ಸಾಕೋ ಇನ್ನೊಬ್ಬರ ಜೊತೆ ಅದಲುಬದಲು ಮಾಡ್ಕೊಳ್ಳಿ. ಹಾಗೆ ಬಂದ ಗಂಡನ್ನ ನೇರ ಹಿಂಡಿಗೆ ಬಿಡದೆ, ಮೂತಿಗೆ ಮೂತಿ ತಾಗದಷ್ಟು ದೂರದ ದೊಡ್ಡಿಯಲ್ಲಿ 30 ದಿನ ಬೇರೆ ಇಡಿ, ಬೇರೆ ಬೂಟು ಬೇರೆ ಬಕೆಟ್ಟು, ಮೇವು ಹಾಕೋಕೆ ದಿನಾ ನಿಮ್ಮ ಹಿಂಡಿನ ಕೆಲಸ ಎಲ್ಲಾ ಮುಗಿಸಿ ಕೊನೆಗೆ ಅದರ ಹತ್ರ ಹೋಗಿ.